ಮೋರೇರ ಮನೆಗೆ ಹಾಸಿದ ಕಂಬಳಿ

ನಾನು ಕರಿಕುರಿಯ ಉಣ್ಣೆಯ ಕಂಬಳಿ. ಮೈಗೆ ಚುಚ್ಚುತ್ತದೆ ಎಂದು ಮೂಗು ಮುರಿಯುವವರು ದೂರವೇ ಇರಿ. ಶಾಲಿನ ನಯ ನನ್ನ ಕುಲದಲ್ಲೇ ಇಲ್ಲ. ನನ್ನ ನೂಲು ತೆಗೆದವಳು ಕುರುಬರ ಹುಲಿಗೆವ್ವ. ಒಂದು ವರ್ಷ ರೋಗ ಬಂದು ಅವಳ ಕುರಿಗಳು ಸಾಲುಸಾಲಾಗಿ ಬಿದ್ದವು. "ಉಳಿದಾವು ಬದುಕಿದ್ರ, ಯಾರೂ ಕುಂದ್ರದ ಹೊಸ ಕಂಬಳಿ ನಿಮಗ ಹಾಸ್ತೀನಿ" ಎಂದು ಅವಳು ಗುಡ್ಡದ ಮೇಲಿನ ಮೋರೇರಿಗೆ ಹರಕೆ ಹೊತ್ತಳು. ಹಿಂಡು ಉಳಿಯಿತು. ಮಂಜುಗಣ್ಣಲ್ಲೇ ನೂತಳು; ಮಗ್ಗದವರು ಹುಣಸೆಬೀಜದ ಗಂಜಿ ಕುಡಿಸಿ ನನ್ನನ್ನು ನೇಯ್ದರು.

"ಇದ ಕಡೀದು. ಇನ್ನ ನನ್ನ ಕಣ್ಣಿಗೆ ಎಳಿ ಕಾಣಂಗಿಲ್ಲ" ಎಂದಳು.

ಮೋರೇರೆಂದರೆ ಯಾವುದೋ ಕಾಲದಲ್ಲಿ ಚಪ್ಪಡಿಕಲ್ಲು ನಿಲ್ಲಿಸಿ ಗುಡ್ಡದ ತುಂಬ ಗಿಡ್ಡ ಮನೆ ಕಟ್ಟಿದವರು. ಓದಿದವರು ಅವನ್ನು ಸಮಾಧಿ ಎನ್ನುತ್ತಾರೆ. ಹುಲಿಗೆವ್ವನಿಗೆ ಅವು ಮನೆಗಳೇ, ಒಳಗಿರುವವರು ಹಿರಿಯರು.

ಒಂದು ಸೋಮವಾರ ಅವಳು ನೋಯುವ ಮೊಣಕಾಲು ಹಿಡಿದುಕೊಂಡು ಪೂಜಾರಿ ಹಾಲಪ್ಪನ ಜೊತೆ ಗುಡ್ಡ ಹತ್ತಿದಳು. ಒಂದು ಕಲ್ಮನೆಯ ಮುಂದೆ ನನ್ನನ್ನು ಹಾಸಿ, ಇಬ್ಬರೂ ನೀರು ತರಲು ಹೋದರು. ಬರುವಷ್ಟರಲ್ಲಿ ನನ್ನ ನಡುಮಧ್ಯೆ ಒಬ್ಬ ಹೆಂಗಸು ಕೂತು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು! ಕಲ್ಮನೆ ನೋಡಲು ಮಂಗಳೂರಿನಿಂದ ಬಂದ ಐರಿನ್ ಟೀಚರ್.

"ಹೋತು, ಎಲ್ಲಾ ಹೋತು! ಹರಕಿ ಕೆಟ್ಟಿತು. ಬ್ಯಾರೆ ಕಂಬಳಿನ ಆಗಬೇಕು" ಎಂದು ಹಾಲಪ್ಪ ಕೂಗಿದ.

"ಅಯ್ಯೋ ಮಾರಾಯ್ರೆ, ನೆರಳಲ್ಲಿ ಹಾಸಿತ್ತಲ್ಲ ಅಂತ ಕೂತೆ. ನನಗೆ ಗೊತ್ತೇ ಆಗಲಿಲ್ಲ" ಎಂದು ಟೀಚರ್ ದಡಕ್ಕನೆ ಎದ್ದು ನಿಂತರು. ಕಣ್ಣು ತುಂಬಿದ್ದವು.

ಹುಲಿಗೆವ್ವ ತಂಬಿಗೆ ಕೆಳಗಿಟ್ಟಳು. ಬೇರೆ ಕಂಬಳಿ ಎಲ್ಲಿಂದ ತರಬೇಕು, ಪಾಪ! ನನ್ನನ್ನು ನೋಡಿದಳು. ಬಿಸಿಲಿಗೆ ಕೆಂಪಾದ ಟೀಚರ ಮುಖ ನೋಡಿದಳು.

"ಕುಂದ್ರವ್ವ" ಎಂದಳು. "ಹಾಲಪ್ಪ, ಮನಿಗೆ ಬಂದೋರಿಗೆ ನೀ ಏನ ಹಾಸ್ತೀಯೋ?"

"ಕಂಬಳಿ."

"ಈಕಿ ಯಾರ ಮನಿಗೆ ಬಂದಾಳ? ಮೋರೇರ ಮನಿಗೆ. ಅವರ ಬೀಗಿತ್ತಿ. ಅವರ ಪರವಾಗಿ ನಾ ಹಾಸೀನಿ."

ಹಾಲಪ್ಪ ತಲೆ ಕೆರೆದುಕೊಂಡ. ಕಲ್ಲಿಗೆ ಹಚ್ಚಿದ ಭಂಡಾರವನ್ನೇ ಟೀಚರ ಹಣೆಗೂ ಹಚ್ಚಿದ. ಕೊರಳಲ್ಲಿ ಶಿಲುಬೆಯ ಸರ, ಹಣೆಯಲ್ಲಿ ಅರಿಶಿನ. ಟೀಚರ್ ಅಲ್ಲೇ ಕೂತು ಎಡೆಯ ಹೋಳಿಗೆ ಉಂಡರು.

ಅಂದದ್ದೇನೋ ಅಂದಳು, ಹುಲಿಗೆವ್ವನ ಒಳಗೆ ಅಳುಕು ಇದ್ದೇ ಇತ್ತು. ಹಿರಿಯರು ಒಪ್ಪಿದರೋ ಇಲ್ಲವೋ ಎಂದು ಕುರಿ ಸೀನಿದರೂ ಬೆಚ್ಚುತ್ತಿದ್ದಳು.

ಮರುವರ್ಷ ಐರಿನ್ ಟೀಚರ್ ತಮ್ಮ ತಾಯಿಯನ್ನೂ ಕರೆದುಕೊಂಡು ಬಂದರು. ಹಾಲಪ್ಪನೇ ಓಡಿಬಂದು ಅದೇ ಕಲ್ಮನೆಯ ಮುಂದೆ ನನ್ನನ್ನು ಹಾಸಿದ.

"ಹುಲಿಗೆವ್ವಾ, ಬ್ಯಾಡಾದ ಬೀಗರನ್ನ ಹಿರ್ಯಾರು ತಿರುಗಿ ಕರಸ್ತಾರೇನು? ಹರಕಿ ಮುಟ್ಟೈತಿ ಬಿಡು!"

ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ನನಗೆ ನುಸಿ ತಿಂದ ತೂತುಗಳು. ನನ್ನನ್ನು ಹೊತ್ತೊಯ್ದು ಮನೆಗೆ ತರುತ್ತಿದ್ದ ಹುಲಿಗೆವ್ವನ ಮೊಣಕಾಲು ಇನ್ನು ಗುಡ್ಡ ಹತ್ತುವುದಿಲ್ಲ, ನಾನೂ ಅವಳ ಮನೆಯ ಕಟ್ಟೆಯ ಮೇಲೇ ಇದ್ದೇನೆ. ಗುಡ್ಡ ನೋಡಿ ಇಳಿದವರು ನನ್ನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾರೆ. ದೇವರಿಗೆಂದು ಹುಟ್ಟಿ ದಣಿದವರ ಕೆಳಗೆ ಮುದಿಯಾದೆ, ಅದರಲ್ಲಿ ನನಗೇನೂ ಕೊರತೆ ಕಂಡಿಲ್ಲ.

ಹುಲಿಗೆವ್ವ ಮಾತ್ರ ನನ್ನ ಪಕ್ಕ ಬರಿ ಕಲ್ಲಿನ ಮೇಲೆ ಕೂರುತ್ತಾಳೆ. ನೀವೂ ಬನ್ನಿ ಎಂದು ಬಂದವರು ಜರುಗಿ ಜಾಗ ಬಿಟ್ಟರೆ, ಕೈಯಾಡಿಸಿ ಬೇಡವೆನ್ನುತ್ತಾಳೆ.

"ನೀವು ಕುಂದ್ರಿ. ನಾ ಮೋರೇರ ಮನಿಯಾಕಿ, ಬೀಗಿತ್ತಿ ಅಲ್ಲ."