ಒಂದೇ ಹೆಸರು

ಮ್ಯಾನ್‌ಹಟನ್ನಿನಲ್ಲಿ, ಮಗುವನ್ನು ಮುಂದೆ ಯಾವ ಶಾಲೆಗೆ ಸೇರಿಸುತ್ತೀರಿ ಎಂದು ನರ್ಸರಿಯ ಮುಖ್ಯಸ್ಥೆ ಫೋನಿನಲ್ಲಿ ಕೇಳಿದಾಗ ತಾಯಿ ಒಂದೇ ಹೆಸರು ಹೇಳಬೇಕು; ಅದೇ ಆ ಶಾಲೆಗೆ ಕೊಟ್ಟ ಮಾತು. ಆಮೇಲೆ ಬದಲಿಸುವಂತಿಲ್ಲ. ಕೊರಿನ್ ಮನಸ್ಸು ನದಿ ಪಕ್ಕದ ಪುಟ್ಟ ಶಾಲೆಯ ಮೇಲಿತ್ತು. ಶಾಲೆ ನೋಡಲು ಹೋದ ದಿನ ಮಗಳು ಟೆಸ್ ಅಲ್ಲಿ ಮೊಣಕೈವರೆಗೂ ಬಣ್ಣ ಬಳಿದುಕೊಂಡು ನಕ್ಕಿದ್ದಳು.

ಫೋನ್ ಬಂದಾಗ ಅತ್ತೆ ಎದುರಿಗೇ ಕೂತಿದ್ದರು. “ಸ್ಪೀಕರಿಗೆ ಹಾಕಮ್ಮ. ನಾನು ಓದಿದ ಶಾಲೆ ಹೆಸರು ಹೇಳು. ನೀನು ಯಾವುದೋ ಸಾಧಾರಣ ಶಾಲೇಲಿ ಓದಿದೀಯ ಅಂತ ನಾವೇನೂ ಅಂದಿಲ್ವಲ್ಲ.”

ಕೊರಿನ್ ಅತ್ತೆಯ ಶಾಲೆಯ ಹೆಸರನ್ನೇ ಹೇಳಿದಳು.

“ಬೇರೆ ಹೇಳ್ತೀರಿ ಅಂದ್ಕೊಂಡಿದ್ದೆ,” ಅಂದರು ಮುಖ್ಯಸ್ಥೆ. “ಗಟ್ಟಿನಾ?”

“ಗಟ್ಟಿ.”

ಮೇಜಿನ ಆ ತುದಿಯಲ್ಲಿ ಬೆರಳಿಗೆ ಬಣ್ಣ ಮೆತ್ತಿಕೊಂಡು ಚಿತ್ರ ಬರೆಯುತ್ತಿದ್ದ ಟೆಸ್‌ಳ ಕೈಯನ್ನು ಅತ್ತೆ ಹಿಡಿದುಕೊಂಡರು. “ಸಾಕು ಪುಟ್ಟಿ, ಇನ್ನು ಈ ಗಲೀಜೆಲ್ಲ ಬೇಡ.”

ಟೆಸ್ ಅಮ್ಮನ ಮುಖ ನೋಡಿದಳು. ಕೊರಿನ್ ಎದ್ದು ಹೋಗಿ ಒದ್ದೆ ಬಟ್ಟೆ ತಂದುಕೊಟ್ಟಳು.