ಪರೀಕ್ಷೆ ಮುಗಿಯುವತನಕ

ಹೆಸರು, ಜೋಳ, ಕಡಲೆ ಬೆರೆಸಿದ ಕಾಳನ್ನು ಮಕ್ಕಳ ಮುಂದೆ ಸುರುವಿ ತಾಯವ್ವ ಇನ್ನೂ ಕೈ ಝಾಡಿಸಿರಲಿಲ್ಲ, ಬಾಗಿಲಲ್ಲಿ ಅವಳ ತಾಯಿ ಮರೆವ್ವ ಬಂದು ನಿಂತಳು. ಬಲಗೈಗೆ ಬಿದಿರು ದಬ್ಬೆ ಕಟ್ಟಿ, ಹಳೆಯ ಸೀರೆಯ ತುಂಡಿನಿಂದ ಕೊರಳಿಗೆ ತೂಗುಹಾಕಿದ್ದಳು. ಎಡಗೈಯಲ್ಲಿ ಸೋಮಿಯ ಕೈ ಇತ್ತು. ಸೋಮಿ ತಾಯವ್ವನ ಮಗಳು, ಮೂರು ತುಂಬಿ ನಾಲ್ಕರಲ್ಲಿ ಬಿದ್ದವಳು.

ಅದು ಬೈಲಹೊಂಗಲದ ಟ್ರೇನಿಂಗ್ ಕಾಲೇಜಿಗೆ ಅಂಟಿಕೊಂಡಿದ್ದ ಬಾಲವಾಡಿ. ಶಿಕ್ಷಕಿಯರಾಗಲು ಬಂದವರೆಲ್ಲ ಇಲ್ಲಿ ಪಾಠ ಮಾಡಿ ತೋರಿಸಬೇಕು. ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಮಥುರಾಬಾಯಿಯವರು ಕೂತಿದ್ದರು. ಪಾಠ ನೋಡಿ ಗುಣ, ಅಂದರೆ ಅಂಕ, ಹಾಕುವವರು ಅವರೇ. ಪಾಠದ ನಡುವೆ ಹೊರಗೆ ನೋಡಿದ ಹುಡುಗಿಯರನ್ನು ಅವರು ಆಮೇಲೆ ನಿಲ್ಲಿಸಿ ಕೇಳದೆ ಬಿಟ್ಟದ್ದಿಲ್ಲ. ತಾಯವ್ವ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಮಕ್ಕಳ ಕಡೆ ತಿರುಗಿದಳು.

ಮರೆವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಮನೋಳಿಯಿಂದ ಯರಗಟ್ಟಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಂದ ದಣಿವಿತ್ತು. ಅವಳು ಕೂತದ್ದೇ ಸೋಮಿ ಕೈ ಬಿಡಿಸಿಕೊಂಡು ಒಳಗೆ ಬಂದಳು. ಕಾಳು ಕಂಡ ಕೋಳಿಮರಿಯ ಹಾಗೆ ನೆಟ್ಟಗೆ ಮಕ್ಕಳ ನಡುವೆ ಹೋಗಿ ಕೂತು ತಾನೂ ಆರಿಸತೊಡಗಿದಳು. ತಾಯವ್ವ ತಡೆಯಲಿಲ್ಲ. ಎಲ್ಲರಿಗೂ ಹೇಳಿದಂತೆ ಅವಳಿಗೂ ಹೇಳಿದಳು, ಹಸಿರು ಕಾಳು ಈ ಕಡೆ, ದೊಡ್ಡದು ಆ ಕಡೆ.

ಸ್ವಲ್ಪ ಹೊತ್ತಿಗೆ ಸೋಮಿ ಕಡಲೆಯೊಂದನ್ನು ಬಾಯಿಗೆ ಹಾಕಿಕೊಂಡಳು. ತಾಯವ್ವ ಅವಳ ಮುಂದೆ ಕೂತು ಬಾಯಿಯ ಕೆಳಗೆ ಅಂಗೈ ಒಡ್ಡಿದಳು. ಸೋಮಿ ಅವಳ ಮುಖವನ್ನೇ ನೋಡುತ್ತ ಕಾಳನ್ನು ಅಂಗೈಗೆ ಉಗುಳಿ ಹೇಳಿದಳು:

"ಅಕ್ಕೋರ, ಇದು ಗಟ್ಟಿ ಐತಿ."

ಉಳಿದ ಮಕ್ಕಳು ಬೆಳಗಿನಿಂದ ತಾಯವ್ವನನ್ನು, ಶಿಕ್ಷಕಿಯರನ್ನು ಕರೆಯುವಂತೆ, ಅಕ್ಕೋರ ಎಂದೇ ಕರೆಯುತ್ತಿದ್ದವು. ತಾಯವ್ವ ಕಾಳನ್ನು ಸೆರಗಿನ ತುದಿಯಲ್ಲಿ ಒರೆಸಿದಳು. "ಹೌದು, ಗಟ್ಟಿ ಐತಿ. ಇದು ಯಾವ ಕಡೆ ಹೋಗಬೇಕು?" ಎಂದು ಕೇಳಿದಳು. ಪಾಠ ನಿಲ್ಲಲಿಲ್ಲ.

ಗಂಡ ಲಾರಿಯಿಂದ ಬಿದ್ದು ತೀರಿಕೊಂಡಾಗ ಸೋಮಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಮದುವೆಗೆ ಮೊದಲೇ ತಾಯವ್ವ ಸವದತ್ತಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮನೋಳಿಯ ಅವರ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣುಮಕ್ಕಳು ಬೇರೆ ಇರಲಿಲ್ಲ. ಕೂಸನ್ನು ತಾಯಿಯ ಹತ್ತಿರ ಬಿಟ್ಟು ಟ್ರೇನಿಂಗಿಗೆ ಸೇರಿ ಎರಡನೇ ವರ್ಷ ನಡೆದಿತ್ತು. ಸೋಮಿ ಮರೆವ್ವನನ್ನೇ ಅವ್ವ ಎನ್ನುತ್ತಿದ್ದಳು. ಹೋದ ದೀವಳಿಗೆಗೆ ಊರಿಗೆ ಹೋದಾಗ ತಾಯವ್ವ ಕೈ ಚಾಚಿದರೆ ಅಜ್ಜಿಯ ಹಿಂದೆ ಅಡಗಿ ನಿಂತಿದ್ದಳು.

ಪಾಠ ಮುಗಿದು ಮಕ್ಕಳು ಹೊರಗೆ ಹೋದ ಮೇಲೆ ಮರೆವ್ವ ತನ್ನ ಕಥೆ ಹೇಳಿದಳು. ಹೊಳೆಯಲ್ಲಿ ಅರಿವೆ ಒಗೆಯಲು ಹೋಗಿ ಕಲ್ಲಿನ ಮೇಲೆ ಜಾರಿ ಬಿದ್ದಳಂತೆ. ಕಟ್ಟು ಬಿಚ್ಚಲು ಇನ್ನೂ ತಡ. ರೊಟ್ಟಿ ಬಡಿಯಲಾಗದು, ಕೂಸಿನ ಮೈ ತೊಳೆಯಲಾಗದು.

"ನನ್ನ ಕೈಲೆ ಇನ್ನ ಆಗಂಗಿಲ್ಲವಾ," ಎಂದಳು. "ಇಲ್ಲಾ ನೀ ಊರಿಗೆ ಬಾ, ಇಲ್ಲಾ ಇದನ್ನ ನಿನ್ನ ಹಂತ್ಯಾಕ ಇಟ್ಕೋ."

ಹಾಸ್ಟೆಲಿನಲ್ಲಿ ಕೂಸುಗಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ತಾಯವ್ವ ನೆಲದ ಮೇಲಿನ ಕಾಳುಗಳನ್ನು ಡಬ್ಬಿಗೆ ತುಂಬುತ್ತ ಇದ್ದಳು. ಮಥುರಾಬಾಯಿಯವರು ಕನ್ನಡಕ ತೆಗೆದು ಹತ್ತಿರ ಬಂದರು.

"ಆ ಕೂಸು ನಿಂದೇನ?"

"ಹೌದ್ರಿ ಬಾಯಾರ."

"ನಿನಗ ಅಕ್ಕೋರ ಅಂತಲ್ಲ."

"ಎಲ್ಲಾ ಹುಡುಗರೂ ಅಂದುವ್ರಿ. ಅದೂ ಅಂತು."

ಮಥುರಾಬಾಯಿಯವರು ಕನ್ನಡಕ ಮತ್ತೆ ಹಾಕಿಕೊಂಡರು. ಕಾಳು ಬಾಯಿಗೆ ಹೋಗುವ ಮೊದಲೇ ನೋಡಬೇಕಿತ್ತು, ಅದಕ್ಕೆ ಗುಣ ಕಡಿಮೆ ಹಾಕಿದ್ದೇನೆ, ಉಳಿದದ್ದು ಛಲೋ ಆಯಿತು ಎಂದರು. ಆಮೇಲೆ ಹಾಸ್ಟೆಲಿನ ಮಾತಿಗೆ ಬಂದರು. ನಿಯಮ ತಾವು ಮಾಡಿದ್ದಲ್ಲ, ಮುರಿಯುವುದೂ ತಮ್ಮ ಕೈಯಲ್ಲಿಲ್ಲ. ಪರೀಕ್ಷೆ ಏಪ್ರಿಲಿನಲ್ಲಿ. ಈಗ ಬಿಟ್ಟು ಹೋದರೆ ಬರುವ ವರ್ಷ ಬಂದು ಕೂಡಬಹುದು.

"ಬರೂ ವರ್ಷ ನಾ ಬರೂದಿಲ್ಲರಿ," ಎಂದಳು ತಾಯವ್ವ. "ಈಗ ಹೋದ್ರ ಹೋದಂಗ. ಹೊರಗ ಒಂದ ಖೋಲಿ ಹಿಡದ್ರ ನಡೀತೈತೇನ್ರಿ?"

"ಹೆಣ್ಣಮಕ್ಕಳು ಒಬ್ಬರೇ ಹೊರಗ ಇರೂಹಂಗಿಲ್ಲ. ಮನಿ ಹಿರ್ಯಾರು ಯಾರರೆ ಜೋಡಿ ಇರಬೇಕು. ಇದ್ರ ನಾ ಸಹಿ ಮಾಡತೀನಿ."

ತಾಯವ್ವ ತಾಯಿಯ ಕಡೆ ನೋಡಿದಳು. ಮರೆವ್ವನಿಗೆ ಆಗ ಅರ್ಥವಾಯಿತು. ಅವಳು ಹುಟ್ಟಿದ್ದೂ ಮನೋಳಿಯಲ್ಲೇ, ಕೊಟ್ಟಿದ್ದೂ ಅಲ್ಲೇ. ಬೇರೆ ಊರಿನ ನೀರು ಕುಡಿದು ನಾಲ್ಕು ದಿನ ಇದ್ದವಳಲ್ಲ. ಬೆಳಿಗ್ಗೆ ಕೋಳಿಗಳನ್ನು ಹಿತ್ತಲಲ್ಲಿ ಹಾಗೆಯೇ ಬಿಟ್ಟು ಬಂದಿದ್ದಳು. ಒಂದು ಕೈ ಇಲ್ಲದವಳು ಇಲ್ಲಿದ್ದು ಏನು ಮಾಡಲಿ ಎಂದು ಗೊಣಗಿದಳು. ರೊಟ್ಟಿ ತಾನು ಬಡಿಯುತ್ತೇನೆ, ನೀರು ತಾನು ತರುತ್ತೇನೆ, ನೀ ಬರೀ ಕೂತಿರು ಎಂದಳು ಮಗಳು.

"ಎಲ್ಲೀಮಟಾ?"

"ಪರೀಕ್ಷಾ ಮುಗಿಯೂತನಕ."

ಮರೆವ್ವ ಸಂಚಿಯಿಂದ ಎಲೆ ತೆಗೆದು ಎಡಗೈಯಲ್ಲೇ ಸುಣ್ಣ ಹಚ್ಚಲು ಹೋದಳು. ಆಗಲಿಲ್ಲ. ತಾಯವ್ವ ಹಚ್ಚಿ ಕೊಟ್ಟಳು. ಅದನ್ನು ದವಡೆಗೆ ಹಾಕಿಕೊಂಡು, ಕೋಳಿಗಳನ್ನು ನೆರೆಮನೆಯ ರಾಯವ್ವ ನೋಡಿಕೊಂಡಾಳು, ಯಾರ ಕೈಯಲ್ಲಾದರೂ ಹೇಳಿ ಕಳಿಸಬೇಕು ಎಂದಳು.

ಸಂಜೆ ಮೂವರೂ ಬೈಲಹೊಂಗಲದ ಕೇರಿಯ ಕಡೆ ಹೊರಟರು. ಸವದತ್ತಿಯಲ್ಲಿ ತಾಯವ್ವನ ಜೊತೆ ಓದಿದ್ದ ದುರ್ಗಪ್ಪನ ಅತ್ತೆಯ ಮನೆಯಲ್ಲಿ ಹಿಂದಿನ ಖೋಲಿ ಖಾಲಿ ಇತ್ತು. ತಲೆಯ ಮೇಲೆ ಟ್ರಂಕು ಹೊತ್ತು ತಾಯವ್ವ ಮುಂದೆ ನಡೆದಳು. ಸೋಮಿ ಅಜ್ಜಿಯ ಸೆರಗು ಹಿಡಿದಿದ್ದಳು. ಪೇಟೆಯ ಹತ್ತಿರ ಅವಳ ಕಾಲು ಸೋತವು. ರಸ್ತೆಯ ಬದಿಗೆ ಕೂತುಬಿಟ್ಟು ಅಜ್ಜಿಗೆ ಕೈ ಎತ್ತಿದಳು. ಮರೆವ್ವ ತನ್ನ ಕಟ್ಟಿದ ಕೈ ನೋಡಿಕೊಂಡು ನಿಂತಳು.

ತಾಯವ್ವ ಟ್ರಂಕು ಇಳಿಸಿದಳು. ಕರೆಯಲಿಲ್ಲ, ಕೈ ಚಾಚಲಿಲ್ಲ. ಕೂಸಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಳು. ಹತ್ತಿ ಹೇರಿದ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವಳು ನೆಲ ನೋಡುತ್ತ ಹಾಗೆಯೇ ಇದ್ದಳು. ಬಹಳ ಹೊತ್ತಿನ ಮೇಲೆ ಎರಡು ಸಣ್ಣ ಕೈ ಹಿಂದಿನಿಂದ ಅವಳ ಕೊರಳನ್ನು ಬಳಸಿದವು.

ಟ್ರಂಕಿನ ಒಂದು ಹಿಡಿಕೆಯನ್ನು ಮರೆವ್ವ ಹಿಡಿದಳು, ಇನ್ನೊಂದನ್ನು ತಾಯವ್ವ. ಬೆನ್ನ ಮೇಲಿನ ಸೋಮಿ ಹಾದುಹೋಗುವ ಗಾಡಿಯಿಂದ ಒಂದು ಎಳೆ ಹತ್ತಿ ಕಿತ್ತು, ತಾಯವ್ವನ ಕಿವಿಯ ಹತ್ತಿರ ಹಿಡಿದು ಊದಿದಳು.