ಪರದೆಯ ಹಿಂದಿನ ಹ್ಞೂಂ

ನನ್ನ ಗಂಡ ಜಿಲಾನಸಾಬರು ಬಾಯಿ ತೆರೆದರೆ ಕುಷ್ಟಗಿ ತಾಲೂಕಿಗೆ ತಾಲೂಕೇ ಕಿವಿಯಾಗುತ್ತಿತ್ತು. ಮನೆಯಲ್ಲಿ ಮಾತ್ರ ಉಪ್ಪು ಬೇಕಾದರೂ ಕೈ ತೋರಿಸಿ ಕೇಳುವ ಮನುಷ್ಯ. ಮಾತೆಲ್ಲ ಊರಿಗೆ, ಮೌನ ಮನೆಗೆ ಎಂದು ನಾನು ಹಂಗಿಸುತ್ತಿದ್ದೆ. ಅದಕ್ಕೂ ಅವರು ನಗುತ್ತಿದ್ದರು ಅಷ್ಟೆ.

ನಾವು ಹನುಮಸಾಗರದ ಪಿಂಜಾರರು. ವಾರದ ಆರು ದಿನ ಅವರು ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದರು. ಶುಕ್ರವಾರ ಯಾವುದಾದರೊಂದು ಊರಿನಿಂದ ಬಂಡಿ ಬರುತ್ತಿತ್ತು. ಮಸೀದಿಯ ಅಂಗಳದಲ್ಲಿ ವಾಜ್, ಅಂದರೆ ಧರ್ಮದ ಉಪದೇಶ, ಹೇಳಲು ಹೋಗುತ್ತಿದ್ದರು. ಹೈದರಾಬಾದಿನ ಮೌಲವಿಗಳು ಉರ್ದುವಿನಲ್ಲಿ ಧರ್ಮ ಹೇಳಿದರೆ ನಮ್ಮ ಮಂದಿ ತಲೆದೂಗುತ್ತ ತೂಕಡಿಸುತ್ತಿದ್ದರು. ಇವರು ಹೇಳುತ್ತಿದ್ದುದು ಸಂತೆಯ ಕನ್ನಡದಲ್ಲಿ. ನಗಿಸಿ ನಗಿಸಿ ನಡುವೆ ಒಂದು ಮಾತು ಎಸೆದರೆ, ಗಂಡಸರು ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ರೈತ ದೇವೇಂದ್ರಪ್ಪ ವಿಭೂತಿ ಹಚ್ಚಿಕೊಂಡೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ.

ಎಲ್ಲರೂ ಕೇಳಿ ಕೇಳಿ ಹೇಳಿಸುತ್ತಿದ್ದುದು ನಿಕಾಹದ ವಾಜ್. ನಿಕಾಹದ ಹೊತ್ತಿಗೆ ಹುಡುಗಿ ಪರದೆಯ ಹಿಂದೆ ಕೂತಿರುತ್ತಾಳೆ. ಹಿರಿಯನೊಬ್ಬ ಇಬ್ಬರು ಸಾಕ್ಷಿಗಳ ಜೊತೆ ಬಂದು, ಈ ವರ ಒಪ್ಪಿಗೆಯೇ ಎಂದು ಮೂರು ಸಲ ಕೇಳುತ್ತಾನೆ. ಹುಡುಗಿ ಸುಮ್ಮನಿರುತ್ತಾಳೆ. ಪಕ್ಕದಲ್ಲಿದ್ದ ಅತ್ತೆಯೋ ದೊಡ್ಡವ್ವನೋ ಅವಳ ತಲೆ ಒತ್ತಿ, ತಾನೇ 'ಹ್ಞೂಂ' ಅಂದುಬಿಡುತ್ತಾಳೆ. ಇದನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿ.

"ಎತ್ತು ಕೊಳ್ಳಾಕ ಹೋದ್ರ ಬಾಯಿ ತಗದು ಹಲ್ಲು ಎಣಸ್ತೀರಿ. ಮಗಳನ್ನ ಕೊಡೋ ಮುಂದ ಅಕಿ ಬಾಯಿ ಮುಚ್ಚತೀರಿ! ಅಕಿ ದನಿ ಅಕಿ ಬಾಯಾಗಿಂದನ ಬರ್ಲ್ಯೋ ಮಾರಾಯಾ!" ಎನ್ನುತ್ತಿದ್ದರು. ತಾವರಗೇರಾದಲ್ಲಿ ಹೇಳಿದರು, ಯಲಬುರ್ಗಾದಲ್ಲಿ ಹೇಳಿದರು, ಕೊಪ್ಪಳದಲ್ಲಿ ಎರಡು ಸಲ ಹೇಳಿದರು.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ನಮ್ಮ ನಸೀಮಾಬಿಗೆ ಹದಿನೇಳು ತುಂಬಿತು. ನನ್ನ ಅಣ್ಣ ಗಂಗಾವತಿಯ ಒಂದು ಸಂಬಂಧ ತಂದ. ಕಾಲುವೆಯ ನೀರಿನ ಗದ್ದೆ, ಎರಡು ಹೊತ್ತು ಅನ್ನ. ವರನಿಗೆ ನಲವತ್ತು, ಹೆಂಡತಿ ಸತ್ತವನು. ನನಗೆ ವಯಸ್ಸು ಕಾಣಲಿಲ್ಲ, ಅನ್ನ ಕಂಡಿತು. ಅರಳೆಯ ಧೂಳು ಕುಡಿದು ಕುಡಿದು ನನ್ನ ಎದೆ ಗೊರಗೊರ ಅನ್ನುತ್ತಿತ್ತು. ಮಗಳಾದರೂ ಈ ಕೆಮ್ಮಿನಿಂದ ಪಾರಾಗಲಿ ಅನ್ನುವ ಆಸೆ. ನಸೀಮಾ ಎರಡು ಸಲ "ಒಲ್ಲೆ ಅವ್ವಾ" ಅಂದಳು. ಎರಡು ಸಲವೂ ಬೈದು ಬಾಯಿ ಮುಚ್ಚಿಸಿದೆ. ಇವರಿಗೆ ಸುದ್ದಿ ಹೇಳಿದಾಗ ಬಂಡಿ ಬಾಗಿಲಿಗೆ ಬಂದಿತ್ತು. "ಛಲೋ ಆತು" ಅಂದು ಹತ್ತಿ ಹೋದರು. ದೀಪದ ಬುಡದಲ್ಲೇ ಕತ್ತಲೆ.

ಮದುವೆಯ ದಿನ ಹಂದರದ ತುಂಬ ಜನ. ನನ್ನ ಅಣ್ಣ ಸಾಕ್ಷಿಗಳ ಜೊತೆ ಪರದೆಯ ಹತ್ತಿರ ಬಂದು ಕೇಳಿದ. ನಸೀಮಾ ತುಟಿ ಬಿಚ್ಚಲಿಲ್ಲ. ಎರಡನೆಯ ಸಲ ಕೇಳಿದ. ನಾನು ಅವಳ ತಲೆ ಒತ್ತಿದೆ. ಕತ್ತು ಒನಕೆಯಂತೆ ನೆಟ್ಟಗೆ ನಿಂತುಬಿಟ್ಟಿತ್ತು. ಮೂರನೆಯ ಸಲ ಕೇಳಿದ. ದನಿ ಸಣ್ಣಗೆ ಮಾಡಿ ನಾನೇ "ಹ್ಞೂಂ" ಅಂದೆ.

ಸಾಕ್ಷಿಗಳು ಹೊರಳಿದ್ದರು. ಅಷ್ಟರಲ್ಲಿ ಹಂದರದಿಂದ ಇವರ ದನಿ ಬಂತು.

"ನಿಲ್ಲರಿ. ಆ ದನಿ ನನಗ ಗೊತ್ತೈತಿ. ಅಕಿ ನಿಕಾಹ ಇಪ್ಪತ್ತು ವರ್ಷದ ಹಿಂದನ ನನ್ನ ಜೋಡಿ ಆಗೇತಿ. ಮತ್ತ ಯಾಕ?"

ಹಂದರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ದೇವೇಂದ್ರಪ್ಪ ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವರು ಮಾತ್ರ ನಗುತ್ತಿರಲಿಲ್ಲ. ಎದ್ದು ಬಂದು ಪರದೆಯ ಆಚೆ ಕೂತು ಮೆಲ್ಲಗೆ ಕೇಳಿದರು.

"ನಸೀಮಾ, ನಿಮ್ಮಪ್ಪ ಕೇಳಾಕತ್ತೇನಿ. ಏನಂದ್ರೂ ನಾ ಸಿಟ್ಟಾಗಂಗಿಲ್ಲ."

"ಒಲ್ಲೆ, ಅಪ್ಪಾ."

ವರನ ಅಣ್ಣ ಎದ್ದು ನಿಂತ. "ಮಂದಿ ಮುಂದ ನಮ್ಮ ಮಾನ ಕಳದಿ ಜಿಲಾನಸಾಬ. ಇನ್ನ ಯಾವ ಊರಾಗ ನಿನ್ನ ವಾಜ್ ಕೇಳ್ತಾರ, ನೋಡ್ತೇವಿ!"

ಇವರು ಅವನ ಮುಂದೆ ಕೈಮುಗಿದರು. "ತಪ್ಪು ನಂದ್ರಿ. ನಿಮ್ಮ ಮಗಳನ್ನ ಕೇಳ್ರಿ ಅಂತ ಊರೂರು ತಿರಗ್ಯಾಡಿ ಹೇಳಿದೆ, ನನ್ನ ಮಗಳನ್ನ ನಾನು ಕೇಳಲಿಲ್ಲ. ಉಂಡು ಹೋಗ್ರಿ." ಗಂಡಿನ ಕಡೆಯವರು ಉಣ್ಣದೆ ಹೋದರು.

ಎರಡು ಶುಕ್ರವಾರ ಯಾವ ಊರಿನಿಂದಲೂ ಬಂಡಿ ಬರಲಿಲ್ಲ. ನಾನು ನಸೀಮಾಳ ಮೇಲೆ ಹರಿಹಾಯ್ದೆ, ಇವರ ಮೇಲೆ ಹರಿಹಾಯ್ದೆ. ಇವರು ಮಾತಾಡದೆ ಅರಳೆ ಹಿಂಜಿದರು. ಆದರೆ ಜುಮ್ಮಾ ನಮಾಜಿಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡೇ ಬಂಡಿಯ ದಾರಿ ನೋಡುತ್ತಿದ್ದುದು ನನಗೆ ತಿಳಿಯದೆ ಇರುತ್ತದೆಯೇ?

ಮೂರನೆಯ ಶುಕ್ರವಾರ ಬೆಳಿಗ್ಗೆ ಯಲಬುರ್ಗಾದಿಂದ ಬಂಡಿ ಬಂತು. ಹೊಡೆದುಕೊಂಡು ಬಂದ ಓಬಳೆಪ್ಪ, "ಗಂಡಸರು ಕಳಿಸಿಲ್ರಿ, ಹೆಣ್ಣಮಕ್ಕಳು ಕಳಿಸ್ಯಾರ. ಮಗಳ ಮಾತು ಕೇಳಿದಾತನ್ನ ಕರಕೊಂಡ ಬಾ ಅಂದಾರ" ಎಂದ.

ಇವರು ರುಮಾಲು ಸುತ್ತುತ್ತಿದ್ದವರು ಅರ್ಧಕ್ಕೇ ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಮೈಮುನಾ, ನಮ್ಮ ನಿಕಾಹದಾಗ ಪರದೆ ಹಿಂದ ಹ್ಞೂಂ ಅಂದಾಕಿ ಯಾರು?"

"ನಮ್ಮ ದೊಡ್ಡವ್ವ," ಅಂದೆ.

ಅವರು ಹೊರಗೆ ಹೋದರು. ದೇವೇಂದ್ರಪ್ಪನನ್ನು ಕೂಗಿ ಓಬಳೆಪ್ಪನ ಪಕ್ಕ ಸಾಕ್ಷಿಗೆ ನಿಲ್ಲಿಸಿದರು. ಬಾಗಿಲಿನ ಹಳೆಯ ಪರದೆ ಎಳೆದು, ಅದರಾಚೆ ಮಣ್ಣಿನಲ್ಲೇ ಕೂತರು.

"ಮೈಮುನಬಿ, ಪಿಂಜಾರ ಜಿಲಾನಸಾಬ ನಿನಗ ಒಪ್ಪಿಗಿ ಐತೇನು?"

ಮೊದಲ ಸಲ ನನಗೆ ನಗು ಬಂತು. ಎರಡನೆಯ ಸಲ ಅಳು ಬಂತು. ಮೂರನೆಯ ಸಲ ಕೇಳಿದಾಗ ನಸೀಮಾ ತುಂಟತನದಿಂದ ನನ್ನ ತಲೆ ಒತ್ತಲು ಕೈ ಚಾಚಿದಳು. ಆ ಕೈಗೊಂದು ಏಟು ಕೊಟ್ಟು, ಓಣಿಗೆಲ್ಲ ಕೇಳುವ ಹಾಗೆ ನಾನೇ ಅಂದೆ.

"ಹ್ಞೂಂ!"